ಪರದೆಯ ಎರಡು ಕಡೆ: ಶಿರೀನ್ ನೆಶಾತ್ ಅವರ ಚಲಚ್ಚಿತ್ರಗಳು

ಕನ್ನಡದಲ್ಲಿ ನಾವು ದಿನವೂ ಬಳಸುವ ‘ಪರದೆ’ ಎಂಬ ಮಾತು ಮೂಲತಃ ಪಾರಸಿಯದು. ಬಹಮನಿ ಸುಲ್ತಾನರ ಮತ್ತು ಬಿಜಾಪುರದ ಆದಿಲಶಾಹಿಗಳ ಆಸ್ಥಾನಗಳಲ್ಲಿ ಪಾರಸಿಗೆ ಗೌರವದ ಸ್ಥಾನವಿತ್ತು. ಆ ಕಾಲದಿಂದ ದರ್ಬಾರು, ಜಮೀನು, ಜನಾನಾ ಮೊದಲಾದ ಎಷ್ಟೋ ಮಾತುಗಳು ನಮ್ಮ ನುಡಿಯಲ್ಲಿ ಬೆರೆತುಹೋದುವು. ಪರದೆಯೂ ಹಾಗೆ ಬೆರೆತ ಒಂದು ಮಾತು. ನಾಟಕಶಾಲೆಯಲ್ಲಿ ಏಳುವುದು ಬೀಳುವುದು ಪರದೆ. ಸಿನಿಮಾ ಮಂದಿರದಲ್ಲಿ ಚಿತ್ರ ಮೂಡುವ ಬಿಳಿಯ ಬಟ್ಟೆ ಪರದೆ. ಹೆಂಗಸರನ್ನು ಪರಪುರುಷರ ಕಣ್ಣಿನಿಂದ ಮರೆಮಾಡುವುದೂ ಪರದೆಯೇ. ಒಂದು ಪರದೆ ತೋರಿಸುತ್ತದೆ, ಇನ್ನೊಂದು ಮರೆಸುತ್ತದೆ. ಎರಡಕ್ಕೂ ಹೆಸರು ಒಂದೇ. ಆ ಮಾತು ಹುಟ್ಟಿದ ಇರಾನ್ ದೇಶದಲ್ಲಿಯೇ ಹುಟ್ಟಿ, ಆ ದೇಶಕ್ಕೆ ಮರಳಲಾಗದೆ ದೂರ ನಿಂತು, ಮರೆಸುವ ಪರದೆಯ ಹಿಂದಿನ ಬಾಳನ್ನು ತೋರಿಸುವ ಪರದೆಯ ಮೇಲೆ ತಂದ ಒಬ್ಬ ಮಹಿಳೆಯನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಆಕೆಯ ಹೆಸರು ಶಿರೀನ್ ನೆಶಾತ್.

ಕಲೆಗೆ ದೇಶದ ಗಡಿಯಿಲ್ಲ ಎಂದು ನಾವು ಭಾಷಣಗಳಲ್ಲಿ ಹೇಳುವುದುಂಟು. ಆದರೆ ಕಲಾವಿದನಿಗೆ ಗಡಿಯುಂಟು, ರಹದಾರಿಯುಂಟು, ಸರ್ಕಾರವುಂಟು. ತಾಯ್ನಾಡಿನಲ್ಲಿ ಆಡಬಾರದ ಮಾತನ್ನು ಪರನಾಡಿನಲ್ಲಿ ಆಡಬಹುದು. ಆದರೆ ಯಾರಿಗಾಗಿ ಆಡಿದೆವೋ ಅವರ ಕಿವಿಗೆ ಅದು ಬೀಳುವುದೇ? ಬಿದ್ದರೂ, ಬಿಟ್ಟುಹೋದವರಿಗೆ ಉಳಿದವರ ಪರವಾಗಿ ಮಾತನಾಡುವ ಅಧಿಕಾರವುಂಟೇ? ನೆಶಾತ್ ಅವರ ಕೃತಿಗಳನ್ನು ನೋಡುವಾಗ ಈ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡೇ ನೋಡಬೇಕು. ಅದಕ್ಕೆ ಮೊದಲು ಇರಾನಿನ ಕಳೆದ ನೂರು ವರ್ಷಗಳ ಚರಿತ್ರೆಯನ್ನು ಕೊಂಚ ತಿಳಿದಿರುವುದು ಅವಶ್ಯಕ.

1936ರಲ್ಲಿ ಇರಾನಿನ ದೊರೆ ರೆಜಾ ಷಹಾ ಹೆಂಗಸರು ಮುಸುಕು ಹಾಕಿಕೊಳ್ಳಬಾರದೆಂದು ಆಜ್ಞೆ ಮಾಡಿದನು. ದೇಶವನ್ನು ಆಧುನಿಕಗೊಳಿಸುವುದು ಅವನ ಹಂಬಲ. ಬೀದಿಯಲ್ಲಿ ಮುಸುಕು ಕಂಡರೆ ಪೊಲೀಸರು ಎಳೆದುಹಾಕುತ್ತಿದ್ದರು. ಹುಟ್ಟಿದಾಗಿನಿಂದ ಮುಸುಕಿನ ರೂಢಿಯಿದ್ದ ಎಷ್ಟೋ ಹಿರಿಯ ಹೆಂಗಸರು ಆ ಅವಮಾನಕ್ಕೆ ಅಂಜಿ ಹೊಸ್ತಿಲು ದಾಟುವುದನ್ನೇ ಬಿಟ್ಟರು. ರೆಜಾ ಷಹಾ 1941ರಲ್ಲಿ ಸಿಂಹಾಸನ ಬಿಟ್ಟ ಮೇಲೆ ಆ ಆಜ್ಞೆ ಸಡಿಲವಾಯಿತು. 1979ರ ಕ್ರಾಂತಿಯಲ್ಲಿ ಅವನ ಮಗನ ಆಳ್ವಿಕೆಯೂ ಮುಗಿದು ಇಸ್ಲಾಮೀ ಗಣರಾಜ್ಯ ಸ್ಥಾಪನೆಯಾಯಿತು. 1983ರ ಹೊತ್ತಿಗೆ, ಮುಸುಕಿಲ್ಲದೆ ಹೊರಗೆ ಬರುವುದು ಕಾನೂನಿನ ಪ್ರಕಾರ ಶಿಕ್ಷಾರ್ಹವಾಯಿತು. ಅರ್ಧ ಶತಮಾನದೊಳಗೆ ಒಂದು ಸರ್ಕಾರ ಬಲವಂತವಾಗಿ ಮುಸುಕು ತೆಗೆಸಿತು, ಇನ್ನೊಂದು ಬಲವಂತವಾಗಿ ಹಾಕಿಸಿತು. ಎರಡು ಸಲವೂ ಹೆಂಗಸಿನ ತಲೆಯ ಮೇಲೆ ಏನಿರಬೇಕೆಂಬುದನ್ನು ಹೆಂಗಸನ್ನು ಕೇಳದೆಯೇ ತೀರ್ಮಾನಿಸಲಾಯಿತು. ಈ ಅಂಶವನ್ನು ಮರೆತವರು ನೆಶಾತ್ ಅವರನ್ನು ಮುಸುಕಿನ ವಿರೋಧಿ ಎಂದಷ್ಟೇ ತಿಳಿದು ಮೋಸಹೋಗುತ್ತಾರೆ. ಆಕೆಯ ಜಗಳ ಬಟ್ಟೆಯೊಡನೆ ಅಲ್ಲ, ಬಲವಂತದೊಡನೆ.

ಕ್ರಾಂತಿಯ ಅನಂತರ ಚಲಚ್ಚಿತ್ರಕ್ಕೂ ಕಟ್ಟುಕಟ್ಟಳೆಗಳು ಬಂದುವು. ಕಥೆಯೊಳಗಿನ ಹೆಂಡತಿ ತನ್ನ ಮನೆಯ ಮಲಗುವ ಕೋಣೆಯಲ್ಲಿರುವಾಗಲೂ ತಲೆಯ ಮೇಲೆ ವಸ್ತ್ರವಿರಬೇಕು. ಏಕೆಂದರೆ ಪ್ರೇಕ್ಷಕರು ಪರಪುರುಷರು. ಗಂಡಹೆಂಡಿರ ಪಾತ್ರ ವಹಿಸಿದವರು ಒಬ್ಬರ ಕೈಯನ್ನೊಬ್ಬರು ಮುಟ್ಟುವಂತಿಲ್ಲ. ಗಂಡಸರು ಕುಳಿತ ಸಭೆಯಲ್ಲಿ ಹೆಂಗಸು ಒಬ್ಬಳೇ ನಿಂತು ಹಾಡುವಂತಿಲ್ಲ. ಇಷ್ಟಾದರೂ ಇರಾನಿನ ಸಿನಿಮಾ ಬಡವಾಗಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. ನಿರ್ದೇಶಕರು ಸೂಚ್ಯವಾಗಿ ಹೇಳುವ ವಿದ್ಯೆಯನ್ನು ಚೆನ್ನಾಗಿ ಕಲಿತರು. ರಖ್‌ಶಾನ್ ಬನಿ-ಎತೆಮಾದ್ ಎಂಬ ಮಹಿಳೆ ಇರಾನಿನಲ್ಲಿಯೇ ಇದ್ದುಕೊಂಡು 1998ರಲ್ಲಿ ತೆಗೆದ ಒಂದು ಚಿತ್ರದಲ್ಲಿ, ವಿಚ್ಛೇದನವಾಗಿ ಬೆಳೆದ ಮಗನಿರುವ ಹೆಂಗಸೊಬ್ಬಳು ಮತ್ತೊಬ್ಬನನ್ನು ಪ್ರೀತಿಸುತ್ತಾಳೆ. ಆ ಪ್ರಿಯನು ಚಿತ್ರದ ಉದ್ದಕ್ಕೂ ಒಮ್ಮೆಯೂ ಕಣ್ಣಿಗೆ ಕಾಣುವುದಿಲ್ಲ. ಅವನ ದನಿ ಮಾತ್ರ ಕೇಳುತ್ತದೆ, ಪತ್ರಗಳು ಬರುತ್ತವೆ. ಹೇಳಬಾರದ್ದನ್ನು ಹೇಳದೆಯೇ ಹೇಳುವ ಈ ಮಾರ್ಗ ಉಳಿದವರ ಮಾರ್ಗ. ನೆಶಾತ್ ಅವರದು ಹೋದವರ ಮಾರ್ಗ.

ಹೆಣ್ಣುಮಗಳೊಬ್ಬಳು ಕ್ಯಾಮೆರಾ ಹಿಡಿದು, ಜನರು ಮುಖ ತಿರುಗಿಸುವ ವಿಷಯವನ್ನು ಎದುರಿಗೆ ತಂದು ನಿಲ್ಲಿಸುವುದು ಇರಾನಿಗೆ ತೀರ ಹೊಸತೂ ಅಲ್ಲ. ಕವಯಿತ್ರಿ ಫೊರೂಘ್ ಫರ್ರೋಖ್‌ಜಾದ್ 1962ರಲ್ಲಿ ತಬ್ರೀಜ್ ನಗರದ ಸಮೀಪದ ಕುಷ್ಠರೋಗಿಗಳ ಕೇರಿಗೆ ಹೋಗಿ ‘ಮನೆ ಕಪ್ಪಾಗಿದೆ’ ಎಂಬ ಅರ್ಥದ ಹೆಸರಿನ ಕಿರುಚಿತ್ರವನ್ನು ತೆಗೆದರು. ಸುಮಾರು 20 ನಿಮಿಷದ ಆ ಚಿತ್ರ ಇಂದಿಗೂ ಮಾನ್ಯವಾಗಿದೆ. ಹೆಣ್ಣಿನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಪದ್ಯದಲ್ಲಿ ತಂದದ್ದಕ್ಕಾಗಿ ಆಕೆ ನಿಂದೆಯನ್ನೂ ಕೀರ್ತಿಯನ್ನೂ ಸಮಸಮವಾಗಿ ಪಡೆದು, 1967ರಲ್ಲಿ ಮೋಟಾರು ಅಪಘಾತದಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡರು. ನೆಶಾತ್ ಅವರು ತಮ್ಮ ಮೊದಲ ಪ್ರಸಿದ್ಧ ಕೃತಿಯಲ್ಲಿ ಬಳಸಿಕೊಂಡದ್ದು ಈ ಕವಯಿತ್ರಿಯ ಸಾಲುಗಳನ್ನೇ.

ಶಿರೀನ್ ನೆಶಾತ್ 1957ರಲ್ಲಿ ಟೆಹರಾನಿನ ವಾಯವ್ಯಕ್ಕಿರುವ ಕಜ್ವೀನ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರು, ಪಾಶ್ಚಾತ್ಯ ವಿದ್ಯೆಯಲ್ಲಿ ವಿಶ್ವಾಸವುಳ್ಳವರು, ಹೆಣ್ಣುಮಕ್ಕಳೂ ಓದಬೇಕು, ಲೋಕ ನೋಡಬೇಕು ಎಂಬ ಮನೋಭಾವದವರು. ಮಗಳು ಹದಿಹರೆಯದಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಹೋಗಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಕೇಂದ್ರದಲ್ಲಿ ಕಲೆಯನ್ನು ಅಭ್ಯಾಸ ಮಾಡಿದರು. ಆಕೆ ಅಲ್ಲಿದ್ದಾಗಲೇ ಊರಿನಲ್ಲಿ ಕ್ರಾಂತಿ ನಡೆದುಹೋಯಿತು. ಮರುವರ್ಷವೇ ಇರಾಕಿನೊಡನೆ ಯುದ್ಧ ಆರಂಭವಾಗಿ ಎಂಟು ವರ್ಷ ನಡೆಯಿತು. ಓದಲೆಂದು ಹೋದವರು ಹಾಗೆಯೇ ಹೊರಗುಳಿದುಬಿಟ್ಟರು. ನ್ಯೂಯಾರ್ಕಿನಲ್ಲಿ ಕಲೆ ಮತ್ತು ವಾಸ್ತುಶಿಲ್ಪಗಳ ಒಂದು ಪ್ರದರ್ಶನ ಸಂಸ್ಥೆಯನ್ನು ನಡೆಸುವುದರಲ್ಲಿ ಸುಮಾರು ಹತ್ತು ವರ್ಷ ಕಳೆದರು. ಆ ಅವಧಿಯಲ್ಲಿ ಸ್ವಂತ ಕೃತಿಯೆಂದು ಹೇಳಿಕೊಳ್ಳುವಂಥದ್ದನ್ನು ಆಕೆ ರಚಿಸಲಿಲ್ಲ.

1989ರಲ್ಲಿ ಖೊಮೇನಿಯವರು ನಿಧನರಾದರು. ಅದರ ಮರುವರ್ಷ, 1990ರಲ್ಲಿ, ನೆಶಾತ್ ಬಹುಕಾಲದ ಮೇಲೆ ತಾಯ್ನಾಡಿಗೆ ಹೋದರು. ತಾವು ಬಿಟ್ಟುಬಂದ ಊರು ಅಲ್ಲಿರಲಿಲ್ಲ. ಬೀದಿಗಳ ಬಣ್ಣ ಬೇರೆ, ಜನರ ಮಾತು ಬೇರೆ, ಹೆಂಗಸರ ಉಡುಪು ಬೇರೆ. ಆ ಬದಲಾವಣೆ ಆಕೆಯನ್ನು ಹೆದರಿಸಿತು, ಹಾಗೆಯೇ ಸೆಳೆಯಿತು. ಕಲಾವಿದೆಯಾಗಿ ಆಕೆಯ ಬಾಳು ನಿಜವಾಗಿ ಆರಂಭವಾದದ್ದು ಅಲ್ಲಿಂದ. ಕೆಲವು ಸಲ ಹೋಗಿ ಬಂದ ಮೇಲೆ, 1996ರಿಂದೀಚೆಗೆ ಆಕೆ ಇರಾನಿನಲ್ಲಿ ಕಾಲಿಟ್ಟಿಲ್ಲ.

1993ರಿಂದ 1997ರವರೆಗೆ ರಚಿಸಿದ ‘ಅಲ್ಲಾಹನ ಸ್ತ್ರೀಯರು’ ಎಂಬ ಛಾಯಾಚಿತ್ರಮಾಲೆಯಿಂದ ಆಕೆಯ ಹೆಸರು ಹೊರಬಂದಿತು. ಅವುಗಳಲ್ಲಿ ಬಹುಪಾಲು ಆಕೆಯದೇ ಚಿತ್ರಗಳು. ಮೈತುಂಬ ಕಪ್ಪು ಚಾದರ. ಹೊರಗೆ ಕಾಣುವುದು ಮುಖ, ಅಂಗೈ, ಅಂಗಾಲುಗಳು ಮಾತ್ರ. ಹಾಗೆ ಕಾಣುವ ಜಾಗದ ಮೇಲೆಲ್ಲ ಪಾರಸಿ ಕವಿತೆಗಳನ್ನು ಸಣ್ಣ ಅಕ್ಷರದಲ್ಲಿ ಶಾಯಿಯಿಂದ ಬರೆದಿದೆ. ಕೆಲವದರಲ್ಲಿ ಪಕ್ಕಕ್ಕೆ ಒಂದು ಬಂದೂಕೂ ಉಂಟು. ಕವಿತೆಗಳಲ್ಲಿ ಕೆಲವು ಫರ್ರೋಖ್‌ಜಾದ್ ಅವರವು. ಇನ್ನು ಕೆಲವು ಕ್ರಾಂತಿಯನ್ನೂ ಬಲಿದಾನವನ್ನೂ ಹಾಡಿ ಹೊಗಳಿದ ತಾಹೆರೆ ಸಫ್ಫಾರ್‌ಜಾದೆ ಎಂಬ ಕವಯಿತ್ರಿಯವು. ಎಂದರೆ ಬಯಕೆಯನ್ನು ಹಾಡಿದವಳೂ ಭಕ್ತಿಯನ್ನು ಹಾಡಿದವಳೂ ಒಂದೇ ಮಾಲೆಯಲ್ಲಿ ಬಂದಿದ್ದಾರೆ. ಪಾರಸಿ ಓದಲು ಬಾರದ ಪಾಶ್ಚಾತ್ಯ ಪ್ರೇಕ್ಷಕರಿಗೆ ಆ ಬರಹ ಬರಿಯ ಅಲಂಕಾರವಾಗಿ ಕಂಡಿತು. ಬಲ್ಲವರಿಗೆ ಅದು ಮಾತು. ಬಾಯಿ ಮುಚ್ಚಿಕೊಂಡಿರುವ ಹೆಂಗಸು ಮಾತಿಲ್ಲದವಳಲ್ಲ, ಅವಳನ್ನು ಓದಲು ನಮಗೆ ಬಾರದು ಎಂಬುದು ಆ ಚಿತ್ರಗಳ ತಾತ್ಪರ್ಯವೆಂದು ತೋರುತ್ತದೆ.

ಛಾಯಾಚಿತ್ರದಿಂದ ಚಲಿಸುವ ಚಿತ್ರಕ್ಕೆ ಬಂದದ್ದು 1998ರಲ್ಲಿ. ಇಸ್ತಾಂಬುಲ್ ನಗರದ ಬೀದಿಯಲ್ಲಿ ಕುರುಡಿಯೊಬ್ಬಳು ಹಾಡುತ್ತಿದ್ದುದನ್ನು ಕೇಳಿದ್ದು ಈ ಕೃತಿಗೆ ಪ್ರೇರಣೆಯಾಯಿತಂತೆ. ಕೃತಿಯ ಹೆಸರಿಗೆ ‘ಪ್ರಕ್ಷುಬ್ಧ’ ಎಂದು ಅರ್ಥ ಹೇಳಬಹುದು. ಹತ್ತು ನಿಮಿಷದ, ಕಪ್ಪುಬಿಳುಪಿನ ಚಿತ್ರ. ಇದನ್ನು ತೋರಿಸುವ ಕ್ರಮವೇ ಬೇರೆ. ಕತ್ತಲೆಯ ಕೋಣೆಯ ಎದುರುಬದುರು ಗೋಡೆಗಳ ಮೇಲೆ ಎರಡು ಪರದೆಗಳು, ನಡುವೆ ಪ್ರೇಕ್ಷಕ. ಒಂದು ಪರದೆಯ ಮೇಲೆ ಬಿಳಿಯ ಅಂಗಿ ತೊಟ್ಟ ಗಾಯಕ. ಅವನ ಹಿಂದೆ ಸಭೆ ತುಂಬ ಬಿಳಿಯ ಅಂಗಿಯ ಗಂಡಸರು. ಅವನು ಜಲಾಲುದ್ದೀನ್ ರೂಮಿಯ ಒಂದು ಪ್ರೇಮಗೀತವನ್ನು ಸುಶ್ರಾವ್ಯವಾಗಿ ಹಾಡಿ ಮುಗಿಸುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅಷ್ಟು ಹೊತ್ತೂ ಎದುರು ಪರದೆಯ ಮೇಲೆ ಕಪ್ಪು ಚಾದರದ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನಿಂತಿರುತ್ತಾಳೆ. ಅವಳ ಮುಂದೆ ಖಾಲಿ ಕುರ್ಚಿಗಳ ಸಾಲು. ಗಂಡಸಿನ ಹಾಡು ಮುಗಿದ ಮೇಲೆ ಅವಳು ಆರಂಭಿಸುತ್ತಾಳೆ. ಅವಳ ಹಾಡಿನಲ್ಲಿ ಪದವಿಲ್ಲ. ಉಸಿರು, ಕೂಗು, ನರಳು, ಪಿಸುಮಾತು ಎಲ್ಲವೂ ಒಂದರೊಳಗೊಂದು ಕಲೆತು ಹರಿಯುತ್ತವೆ. ಕ್ಯಾಮೆರಾ ಅವಳ ಸುತ್ತ ತಿರುಗತೊಡಗುತ್ತದೆ. ಎದುರು ಗೋಡೆಯ ಗಾಯಕನು ಬೆರಗಾಗಿ ಅವಳನ್ನೇ ನೋಡುತ್ತ ನಿಂತುಬಿಡುತ್ತಾನೆ.

ಇಲ್ಲಿ ಪ್ರೇಕ್ಷಕನ ಪಾಡನ್ನು ಗಮನಿಸಬೇಕು. ಅವನು ಎರಡೂ ಪರದೆಗಳನ್ನು ಒಟ್ಟಿಗೆ ನೋಡಲಾರ. ಅತ್ತ ತಿರುಗಿದರೆ ಇತ್ತ ಬೆನ್ನಾಗುತ್ತದೆ. ಯಾವ ಕಡೆ ತಿರುಗಬೇಕೆಂಬುದನ್ನು ಅವನೇ ತೀರ್ಮಾನಿಸಬೇಕು. ಹೆಂಗಸು ಸಭೆಯಲ್ಲಿ ಹಾಡಬಾರದೆಂಬ ಕಟ್ಟಳೆಯನ್ನು ನೆಶಾತ್ ಒಂದು ಮಾತಿನಿಂದಲೂ ಖಂಡಿಸುವುದಿಲ್ಲ. ಅನುಮತಿಯುಳ್ಳದ್ದನ್ನು ಒಂದು ಕಡೆಯೂ ಇಲ್ಲದ್ದನ್ನು ಇನ್ನೊಂದು ಕಡೆಯೂ ಇಟ್ಟು ಸುಮ್ಮನಾಗುತ್ತಾರೆ. ಗಂಡಸಿನ ಹಾಡು ಕೆಟ್ಟದ್ದೆಂದೂ ತೋರಿಸುವುದಿಲ್ಲ. ಅದು ಬಹು ಚೆನ್ನಾಗಿಯೇ ಇದೆ. ಈ ನ್ಯಾಯಬುದ್ಧಿ ಆಕೆಯ ಕಲೆಯ ದೊಡ್ಡ ಬಲ. ಗಂಡಸಿನ ಪಾತ್ರದಲ್ಲಿ ಕಾಣುವವರು ಶೋಜಾ ಅಜಾರಿ. ಕಂಠ ಪ್ರಸಿದ್ಧ ಗಾಯಕ ಶಹರಾಮ್ ನಜೇರಿಯವರದು. ಹೆಂಗಸಾಗಿ ಹಾಡಿದವರು ಸೂಸನ್ ದೇಹಿಮ್. ಮರುವರ್ಷ, 1999ರಲ್ಲಿ, ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ನೆಶಾತ್ ಅವರಿಗೆ ‘ಸುವರ್ಣ ಸಿಂಹ’ ಬಹುಮಾನ ದೊರಕಿತು.

ಇದರ ಹಿಂದೆಯೇ ಇನ್ನೆರಡು ಬಂದುವು. ‘ಪರವಶತೆ’ ಎಂಬ ಅರ್ಥದ 1999ರ ಕೃತಿಯಲ್ಲಿ ಒಂದು ಪರದೆಯ ಮೇಲೆ ಕೋಟೆಯೊಳಗೆ ಸೇರಿದ ನೂರಾರು ಗಂಡಸರು. ಎದುರಿನದರಲ್ಲಿ ಬಯಲಿನಲ್ಲಿ ನಡೆದು ಕಡಲ ಕಡೆಗೆ ಹೋಗುವ ಕಪ್ಪು ಚಾದರದ ಹೆಂಗಸರು. ಕೊನೆಗೆ ಕೆಲವು ಹೆಂಗಸರು ಪುಟ್ಟ ದೋಣಿಯೊಂದನ್ನೇರಿ ಕಡಲಿಗೆ ಹೊರಟುಬಿಡುತ್ತಾರೆ. ಕೋಟೆಯ ಮೇಲಿನಿಂದ ಗಂಡಸರು ಕೈ ಬೀಸುತ್ತಾರೆ. ಕೋಟೆಯಲ್ಲಿರುವವರು ಯಜಮಾನರಾದರೂ ಅಲ್ಲಿಂದ ಅಲುಗಲಾರರು, ಅಧಿಕಾರವಿಲ್ಲದವರೇ ಹೊರಟವರು. 2000ದ ಕೃತಿಯಲ್ಲಿ ಒಬ್ಬ ಹೆಣ್ಣು ಮತ್ತು ಒಬ್ಬ ಗಂಡು ದಾರಿಯಲ್ಲಿ ಒಮ್ಮೆ ಎದುರಾಗಿ, ಮತ್ತೆ ಒಂದು ಸಭೆಯಲ್ಲಿ ಸೇರುತ್ತಾರೆ. ಸಭೆಯ ನಡುವೆ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ದೊಡ್ಡ ಪರದೆ ಕಟ್ಟಿದೆ. ಉಪದೇಶಕನು ಯೂಸುಫ್ ಮತ್ತು ಜುಲೈಖಾರ ಕಥೆಯನ್ನೆತ್ತಿಕೊಂಡು ಕಾಮವನ್ನು ಖಂಡಿಸಿ ಆರ್ಭಟಿಸುತ್ತಾನೆ. ಪರದೆಯ ಆಚೆಯೊಬ್ಬರು ಈಚೆಯೊಬ್ಬರು ಕುಳಿತ ಆ ಇಬ್ಬರೂ ಒಂದೇ ಮಾತಿಗೆ ತಲೆ ತಗ್ಗಿಸುತ್ತಾರೆ. ಒಂದು ಮಾತೂ ಆಡದೆ ಅಗಲುತ್ತಾರೆ. ಪರದೆಯಿಂದ ನಷ್ಟವಾಗುವುದು ಹೆಂಗಸಿಗೆ ಮಾತ್ರವಲ್ಲ ಎಂಬುದನ್ನು ಇಷ್ಟು ಮೆಲ್ಲಗೆ ಹೇಳಿದವರು ವಿರಳ.

ಈ ಕಿರುಚಿತ್ರಗಳು ಕಲಾಶಾಲೆಗಳಲ್ಲಿ ಸುಳಿಯುವ ಸ್ವಲ್ಪ ಜನರಿಗೆ ಮಾತ್ರ ದಕ್ಕುವಂಥವು. ಸಾಮಾನ್ಯ ಪ್ರೇಕ್ಷಕರ ಮುಂದೆ ಕಥೆ ಹೇಳಬೇಕೆಂದು ನೆಶಾತ್ ಪೂರ್ಣಪ್ರಮಾಣದ ಚಲಚ್ಚಿತ್ರಕ್ಕೆ ಕೈಹಾಕಿದರು. ಅದಕ್ಕೆ ಆರಿಸಿಕೊಂಡದ್ದು ಶಹರ್‌ನೂಶ್ ಪಾರ್ಸಿಪುರ್ ಎಂಬ ಲೇಖಕಿಯ ‘ಗಂಡಸರಿಲ್ಲದ ಹೆಂಗಸರು’ ಎಂಬ ಕಿರುಕಾದಂಬರಿ. ಪಾರಸಿಯಲ್ಲಿ ಅದರ ಹೆಸರು ‘ಜನಾನ್-ಎ ಬೆದೂನ್-ಎ ಮರ್ದಾನ್’. ನಮ್ಮ ಜನಾನಾ ಎಂಬ ಮಾತು ಅದರೊಳಗೇ ಇದೆ. ಈ ಲೇಖಕಿಯ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಷಹಾನ ಕಾಲದಲ್ಲಿ, 1974ರಲ್ಲಿ, ಸರ್ಕಾರದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಟೆಲಿವಿಷನ್ ಸಂಸ್ಥೆಯ ಕೆಲಸವನ್ನು ಬಿಟ್ಟು ಆಕೆ ಸೆರೆಮನೆ ಕಂಡರು. ಕ್ರಾಂತಿಯ ಅನಂತರದ ಸರ್ಕಾರ 1981ರಲ್ಲಿ ಹಿಡಿದು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿಟ್ಟಿತು. 1989ರಲ್ಲಿ ಈ ಕಾದಂಬರಿ ಪ್ರಕಟವಾದ ಮೇಲೆ ಇದಕ್ಕಾಗಿಯೇ ಮತ್ತೆ ಸೆರೆ, ಪುಸ್ತಕಕ್ಕೆ ನಿಷೇಧ. 1994ರಲ್ಲಿ ಆಕೆಯೂ ದೇಶ ಬಿಟ್ಟು ಅಮೆರಿಕ ಸೇರಿದರು.

ಅಂಥ ಅಪರಾಧ ಆ ಪುಸ್ತಕದಲ್ಲಿ ಏನಿತ್ತು? ಕನ್ಯತ್ವವನ್ನು ಕುರಿತು ಇಬ್ಬರು ಹೆಂಗಸರು ತಮ್ಮತಮ್ಮಲ್ಲೇ ಮಾತನಾಡುವ ಒಂದು ಸಂದರ್ಭವಿತ್ತು. ಪಾರಸಿಯಲ್ಲಿ ಇದಕ್ಕೂ ‘ಪರದೆ’ ಎಂಬ ಮಾತನ್ನೇ ಬಳಸುತ್ತಾರೆ. ಎತ್ತರದಿಂದ ಹಾರಿದರೆ ಆ ಪರದೆ ಹರಿಯುವುದೆಂದು ಚಿಕ್ಕಂದಿನಲ್ಲಿ ಹೆದರಿಸಲ್ಪಟ್ಟ ಮೂನಿಸ್ ಎಂಬವಳು, ಮರ ಹತ್ತುವ ಆಸೆಯನ್ನೂ ಅದುಮಿಕೊಂಡು, ಕಿಟಕಿಯಿಂದ ತೋಟವನ್ನು ನೋಡುತ್ತ ಯೌವನವನ್ನೆಲ್ಲ ಕಳೆದಿರುತ್ತಾಳೆ. ತಾನು ನಂಬಿದ್ದು ತಪ್ಪು ತಿಳಿವಳಿಕೆ, ತನ್ನ ದೇಹದ ವಿಷಯವನ್ನೇ ತನಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಎಂದು ತಿಳಿದಾಗ ಅವಳಿಗೆ ಬರುವುದು ನಾಚಿಕೆಯಲ್ಲ, ಸಿಟ್ಟು. ಒಂದು ತಪ್ಪು ಮಾತಿನಿಂದ ಒಂದು ಜನ್ಮದ ಆಟಪಾಟಗಳೇ ಹಾಳಾದುವಲ್ಲ ಎಂಬ ಸಿಟ್ಟು. ಈ ಕೆಲವು ಪುಟಗಳಿಗಾಗಿ ಲೇಖಕಿ ಸೆರೆಮನೆಗೆ ಹೋದರು. ಹೇಳಬಾರದ ವಿಷಯ ಎಂದು ನಾವು ಪಕ್ಕಕ್ಕಿಟ್ಟದ್ದರಲ್ಲಿ ಎಷ್ಟು ಪಾಲು ಅಶ್ಲೀಲ, ಎಷ್ಟು ಪಾಲು ಬರಿಯ ಅಜ್ಞಾನ ಎಂಬುದನ್ನು ಈ ಪ್ರಸಂಗ ಯೋಚಿಸುವಂತೆ ಮಾಡುತ್ತದೆ.

ನೆಶಾತ್ ಈ ಕಾದಂಬರಿಯನ್ನು ಚಿತ್ರವಾಗಿಸಲು ಸುಮಾರು ಆರು ವರ್ಷ ಶ್ರಮಿಸಿದರು. ಇರಾನಿನಲ್ಲಿ ಚಿತ್ರೀಕರಣ ಅಸಾಧ್ಯ. ಆದ್ದರಿಂದ ಮೊರಾಕ್ಕೊ ದೇಶದ ಕಾಸಾಬ್ಲಾಂಕಾ ನಗರವನ್ನೇ 1953ರ ಟೆಹರಾನನ್ನಾಗಿ ಮಾಡಿಕೊಂಡರು. ಹಣ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ದೇಶಗಳದು. ಮಾತು ಪಾರಸಿ. ನಟಿಯರಲ್ಲಿ ಹಲವರು ಇರಾನ್ ಬಿಟ್ಟು ಯುರೋಪಿನಲ್ಲಿ ನೆಲಸಿದವರು. ಕಾದಂಬರಿಕಾರ್ತಿ ಪಾರ್ಸಿಪುರ್ ಅವರೇ ವೇಶ್ಯಾಗೃಹದ ಯಜಮಾನಿಯ ಚಿಕ್ಕ ಪಾತ್ರವನ್ನು ವಹಿಸಿದ್ದಾರೆ. ಸಂಗೀತ ಜಪಾನಿನ ರ್ಯೂಇಚಿ ಸಕಾಮೊಟೊ ಅವರದು. ಹೀಗೆ ಐದಾರು ದೇಶಗಳು ಸೇರಿ ಒಂದು ಊರನ್ನು ಕಟ್ಟಿದುವು. ಇರಾನಿನವರೇ ಆದ ನೆಶಾತ್ ಅವರಿಗೆ ಅಲ್ಲಿ ಕ್ಯಾಮೆರಾ ಇಡಲು ಒಂದು ಗೇಣು ಜಾಗವಿರಲಿಲ್ಲ.

ಚಿತ್ರದಲ್ಲಿ ನಾಲ್ವರು ಹೆಂಗಸರು. ಮೂನಿಸ್ ರೇಡಿಯೋ ಮುಂದೆ ಕುಳಿತು ದೇಶದ ಸುದ್ದಿಯನ್ನು ಆಸೆಯಿಂದ ಕೇಳುವವಳು. ಅಣ್ಣನಿಗೆ ಅವಳ ಮದುವೆಯೊಂದೇ ಚಿಂತೆ; ಅವನು ರೇಡಿಯೋವನ್ನು ನಿಲ್ಲಿಸಿ ಅವಳನ್ನು ಮನೆಯಲ್ಲಿ ಕೂಡಿಹಾಕಲು ನೋಡುತ್ತಾನೆ. ಅವಳು ಮಾಳಿಗೆಯಿಂದ ಹಾರುತ್ತಾಳೆ. ಮಾನ ಹೋಯಿತೆಂದು ಅಣ್ಣ ಅವಳನ್ನು ಅಂಗಳದಲ್ಲೇ ಹೂಳುತ್ತಾನೆ. ಗೆಳತಿ ಫಾಯೆಜೆಗೆ ಮಣ್ಣಿನೊಳಗಿಂದ ಅವಳ ದನಿ ಕೇಳಿಸುತ್ತದೆ; ಅಗೆದರೆ ಮೂನಿಸ್ ಎದ್ದುಬರುತ್ತಾಳೆ, ಬೀದಿಯ ಚಳವಳಿಯಲ್ಲಿ ಸೇರಿಕೊಳ್ಳುತ್ತಾಳೆ. ಫಾಯೆಜೆ ದೈವಭಕ್ತೆ, ಕಟ್ಟುನಿಟ್ಟಿನವಳು, ಮದುವೆಯ ಕನಸು ಕಾಣುವವಳು. ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ಜರೀನ್ ವೇಶ್ಯೆ, ಒಂದು ದಿನ ಎದುರಿಗೆ ಬಂದ ಗಂಡಸಿಗೆ ಮುಖವೇ ಇಲ್ಲವಾಗಿ ಕಂಡು ಓಡಿಹೋಗುತ್ತಾಳೆ. ಫಖ್ರಿ ಸೇನಾಧಿಕಾರಿಯ ಹೆಂಡತಿ. ವಯಸ್ಸಾಯಿತೆಂದು ಚುಚ್ಚುವ ಗಂಡನನ್ನು ಬಿಟ್ಟು ಊರಾಚೆ ಒಂದು ತೋಟದ ಮನೆಯನ್ನು ಕೊಳ್ಳುತ್ತಾಳೆ. ಪಾರಸಿಯಲ್ಲಿ ಅದು ‘ಬಾಗ್’, ನಮ್ಮ ಲಾಲ್‌ಬಾಗಿನ ಬಾಗ್. ಜರೀನ್, ಫಾಯೆಜೆ ಇಬ್ಬರೂ ಆ ತೋಟ ಸೇರಿ ಕೆಲಕಾಲ ನೆಮ್ಮದಿಯಿಂದಿರುತ್ತಾರೆ.

ಆತ್ಮಹತ್ಯೆ, ಅತ್ಯಾಚಾರ, ವೇಶ್ಯಾವೃತ್ತಿ, ಗಂಡನನ್ನು ತೊರೆಯುವುದು: ಸಂಭಾವಿತರ ಮನೆಯಲ್ಲಿ ಬಾಯಿಬಿಟ್ಟು ಹೇಳದ ನಾಲ್ಕು ವಿಷಯಗಳನ್ನು ನಾಲ್ವರ ಬಾಳಿನಲ್ಲಿಟ್ಟಿದೆ. ಅವನ್ನು ತೋರಿಸಿದ ಬಗೆ ಹೇಗೆ ಎಂಬುದು ಮುಖ್ಯ. ಜರೀನ್ ಓಡಿಹೋಗುವುದು ಸಾರ್ವಜನಿಕ ಸ್ನಾನಗೃಹಕ್ಕೆ. ಅಲ್ಲಿ ಅವಳು ತನ್ನ ಬಡಕಲು ಮೈಯನ್ನು ರಕ್ತ ಜಿನುಗುವವರೆಗೆ ಉಜ್ಜುತ್ತಾಳೆ. ಸ್ನಾನಕ್ಕೆ ಬಂದ ಇತರ ಹೆಂಗಸರು ಸ್ತಬ್ಧರಾಗಿ ನೋಡುತ್ತಾರೆ. ಬೆತ್ತಲೆ ದೇಹವನ್ನು ಪರದೆಯ ಮೇಲೆ ಕಂಡರೂ ನೋಡುವವನ ಮನಸ್ಸಿನಲ್ಲಿ ಚಪಲವೇಳುವುದಿಲ್ಲ. ಕಣ್ಣು ತಾನಾಗಿ ಕೆಳಗಾಗುತ್ತದೆ. ಆ ದೇಹಕ್ಕೆ ಮುಖವುಂಟು, ನೋವುಂಟು. ಮುಖವಿಲ್ಲದವನು ಹಣ ಕೊಟ್ಟು ಬಂದ ಗಂಡಸು. ನಿಷಿದ್ಧ ವಿಷಯವನ್ನು ಎತ್ತಿಕೊಂಡವರೆಲ್ಲ ಕಲಾವಿದರಲ್ಲ. ನೋಟದ ನಾಚಿಕೆಯನ್ನು ಯಾರ ಪಾಲಿಗೆ ಹಚ್ಚಬೇಕೆಂದು ತಿಳಿದವರು ಕಲಾವಿದರು.

ಈ ನಾಲ್ವರ ಕಥೆಗೆ 1953ರ ಆಗಸ್ಟ್ ತಿಂಗಳನ್ನು ಏಕೆ ಹೆಣೆದರು? ಕಾದಂಬರಿಯಲ್ಲಿ ಹಿನ್ನೆಲೆಯಾಗಿದ್ದ ರಾಜಕೀಯವನ್ನು ನೆಶಾತ್ ಮುಂದಕ್ಕೆ ತಂದರು. 1951ರಲ್ಲಿ ಇರಾನಿನ ಪ್ರಧಾನಿ ಮೊಸಾದೆಕ್ ಬ್ರಿಟಿಷರ ಕೈಯಲ್ಲಿದ್ದ ಎಣ್ಣೆಯ ಉದ್ಯಮವನ್ನು ರಾಷ್ಟ್ರೀಕರಿಸಿದರು. 1953ರ ಆಗಸ್ಟ್ 19ರಂದು ಬ್ರಿಟನ್ ಮತ್ತು ಅಮೆರಿಕಗಳ ಗೂಢಚಾರ ಇಲಾಖೆಗಳ ಹೂಟದಿಂದ ಅವರ ಸರ್ಕಾರ ಉರುಳಿತು. ಮೊಸಾದೆಕ್ ಮೂರು ವರ್ಷ ಸೆರೆಯಲ್ಲಿದ್ದು, 1967ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿದ್ದರು. ತನ್ನ ಪಾತ್ರವನ್ನು ಅಮೆರಿಕದ ಗೂಢಚಾರ ಇಲಾಖೆ 2013ರಲ್ಲಿ ಬಹಿರಂಗಪಡಿಸಿದ ದಾಖಲೆಗಳಲ್ಲಿ ಒಪ್ಪಿಕೊಂಡಿದೆ. ಚಿತ್ರದಲ್ಲಿ ಊರಿನ ಸರ್ಕಾರ ಬೀಳುವಾಗಲೇ ತೋಟದೊಳಕ್ಕೂ ಸೈನಿಕರು ಬರುತ್ತಾರೆ, ಜರೀನ್ ಸಾಯುತ್ತಾಳೆ, ತೋಟದ ನೆಮ್ಮದಿ ಕದಡುತ್ತದೆ. ಹೆಂಗಸಿನ ಸ್ವಾತಂತ್ರ್ಯವೂ ದೇಶದ ಸ್ವಾತಂತ್ರ್ಯವೂ ಒಂದೇ ರಾತ್ರಿ ಮುರಿದವು ಎಂಬುದು ಇದರ ಅರ್ಥ. ಇದರೊಳಗೆ ಪಾಶ್ಚಾತ್ಯ ಪ್ರೇಕ್ಷಕರಿಗೂ ಒಂದು ಮಾತುಂಟು: ಇರಾನಿನ ಹೆಂಗಸಿಗಾಗಿ ಮರುಗುವ ನೀವು, ಅಲ್ಲಿ ಮೊಳೆಯುತ್ತಿದ್ದ ಪ್ರಜಾಪ್ರಭುತ್ವವನ್ನು ಕಿತ್ತವರು ಯಾರೆಂಬುದನ್ನೂ ನೆನೆಯಿರಿ.

ಈ ಚಿತ್ರಕ್ಕೆ 2009ರ ವೆನಿಸ್ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನಕ್ಕಾಗಿ ‘ರಜತ ಸಿಂಹ’ ಲಭಿಸಿತು. ಆ ಬೇಸಿಗೆಯಲ್ಲಿಯೇ ಇರಾನಿನ ಚುನಾವಣೆಯ ಫಲಿತಾಂಶವನ್ನು ಪ್ರತಿಭಟಿಸಿ ಲಕ್ಷಾಂತರ ಜನ ಹಸಿರು ಬಟ್ಟೆ ಕಟ್ಟಿಕೊಂಡು ಬೀದಿಗಿಳಿದಿದ್ದರು. ನೆಶಾತ್ ಮತ್ತು ಸಂಗಡಿಗರು ಉತ್ಸವಕ್ಕೆ ಹಸಿರು ಧರಿಸಿ ಬಂದರು. 1906ರ ಸಂವಿಧಾನ ಕ್ರಾಂತಿಯಿಂದ ಆ ಹಸಿರು ಚಳವಳಿಯವರೆಗೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರಿಗೆ ಚಿತ್ರವನ್ನು ಅರ್ಪಿಸಲಾಗಿದೆ.

ಇನ್ನು ಆಕ್ಷೇಪಣೆಗಳ ಮಾತು. ಮುಸುಕು, ಬಂದೂಕು, ಮರುಭೂಮಿ ಇವೇ ಇರಾನ್ ಎಂದು ನಂಬಿದ ಪಾಶ್ಚಾತ್ಯರಿಗೆ ಅವರು ಬಯಸಿದ್ದನ್ನೇ ಆಕೆ ಉಣಬಡಿಸುತ್ತಾರೆ ಎಂಬುದು ಒಂದು ಆಕ್ಷೇಪ. ದುಃಖವನ್ನು ಅತಿಯಾಗಿ ಅಂದಗೊಳಿಸುತ್ತಾರೆ ಎಂಬುದು ಇನ್ನೊಂದು. ಬಹುಕಾಲದಿಂದ ಊರು ಕಾಣದವರಿಗೆ ಇಂದಿನ ಇರಾನ್ ಏನು ಗೊತ್ತು ಎಂಬುದು ಮೂರನೆಯದು. ಇವುಗಳಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಬನಿ-ಎತೆಮಾದ್ ಅವರ ಚಿತ್ರದಲ್ಲಿ ಇಂದಿನ ಟೆಹರಾನಿನ ಗಲ್ಲಿ, ಬಾಡಿಗೆ ಮನೆ, ಕಚೇರಿಗಳು ಕಾಣುತ್ತವೆ. ನೆಶಾತ್ ಅವರಲ್ಲಿ ಕಾಣುವುದು ಕನಸಿನ ಇರಾನ್. ಆದರೆ ನೆಶಾತ್ ತಮ್ಮದು ಕನಸೆಂಬುದನ್ನು ಬಚ್ಚಿಟ್ಟಿಲ್ಲ. ಸತ್ತವಳು ಎದ್ದುಬರುವ ಕಥೆಯನ್ನು ವರದಿಯೆಂದು ಯಾರೂ ಓದಲಾರರು. ಪರದೇಶದಲ್ಲಿರುವ ಇರಾನಿ ಕಲಾವಿದರು ಎರಡು ಕಡೆ ಕಾದಾಡಬೇಕಾಗಿದೆ ಎಂದು ಆಕೆ 2010ರ ಒಂದು ಭಾಷಣದಲ್ಲಿ ಹೇಳಿದರು: ತಮ್ಮ ಜನರನ್ನು ಕುರಿತು ಪಾಶ್ಚಾತ್ಯರು ಕಟ್ಟಿಕೊಂಡ ಚಿತ್ರದೊಡನೆ ಒಂದು ಕಡೆ, ತಮ್ಮ ದೇಶದ ಸರ್ಕಾರದೊಡನೆ ಇನ್ನೊಂದು ಕಡೆ. ‘ಪ್ರಕ್ಷುಬ್ಧ’ದ ಪ್ರೇಕ್ಷಕನು ಎರಡು ಪರದೆಗಳ ನಡುವೆ ನಿಂತಂತೆ ಆಕೆಯೂ ನಿಂತಿದ್ದಾರೆ. ಯಾವ ಕಡೆ ತಿರುಗಿದರೂ ಇನ್ನೊಂದು ಕಡೆಯವರಿಗೆ ಬೆನ್ನು ತೋರಿಸಿದರೆಂಬ ಅಪವಾದ ತಪ್ಪದು.

ಈ ಸಂಕಟವನ್ನು ಆಕೆ ತಮ್ಮ ಮುಂದಿನ ಚಿತ್ರದಲ್ಲಿ ನೇರವಾಗಿಯೇ ತಂದಿದ್ದಾರೆ. 2017ರ ಆ ಚಿತ್ರದಲ್ಲಿ ದೇಶ ಬಿಟ್ಟ ಇರಾನಿ ನಿರ್ದೇಶಕಿಯೊಬ್ಬಳು ಈಜಿಪ್ಟಿನ ಮಹಾಗಾಯಕಿ ಉಮ್ಮ್ ಕುಲ್ಸೂಮ್ ಅವರನ್ನು ಕುರಿತು ಚಿತ್ರ ತೆಗೆಯಲು ಹೆಣಗುತ್ತಾಳೆ; ಅತ್ತ ಊರಿನಲ್ಲಿ ಬಿಟ್ಟುಬಂದ ಮಗ ಕಾಣೆಯಾಗುತ್ತಾನೆ. ಕಲೆಗಾಗಿ ಮನೆ ಬಿಟ್ಟ ಗಂಡಸನ್ನು ಲೋಕ ತಪಸ್ವಿಯೆನ್ನುತ್ತದೆ; ಹೆಂಗಸನ್ನು ಏನೆನ್ನುತ್ತದೆ? ತಾಯ್ತನವನ್ನು ಕುರಿತ ಈ ಪ್ರಶ್ನೆಯೂ ಕೇಳಬಾರದ ಪ್ರಶ್ನೆಗಳ ಸಾಲಿನದೇ. 2021ರಲ್ಲಿ ಅಮೆರಿಕದ ನೆಲದಲ್ಲಿಯೇ ನಡೆಯುವ ಕಥೆಯೊಂದನ್ನು ಆಕೆ ಚಿತ್ರಿಸಿದರು.

2022ರ ಸೆಪ್ಟೆಂಬರ್ 16ರಂದು, ಮುಸುಕು ಸರಿಯಿಲ್ಲವೆಂದು ಟೆಹರಾನಿನಲ್ಲಿ ಪೊಲೀಸರು ಹಿಡಿದೊಯ್ದಿದ್ದ ಮಹಸಾ ಜೀನಾ ಅಮೀನಿ ಎಂಬ 22 ವರ್ಷದ ತರುಣಿ ಆಸ್ಪತ್ರೆಯಲ್ಲಿ ಮೃತಳಾದಳು. ‘ಸ್ತ್ರೀ, ಜೀವನ, ಸ್ವಾತಂತ್ರ್ಯ’ ಎಂಬ ಕೂಗು ಇರಾನಿನ ಊರೂರಲ್ಲಿ ಎದ್ದಿತು. ವಿದ್ಯಾರ್ಥಿನಿಯರು ಶಾಲೆಯಲ್ಲಿಯೇ ತಲೆವಸ್ತ್ರ ತೆಗೆದು ನಿಂತರು. ಆ ಅಕ್ಟೋಬರಿನಲ್ಲಿ ಲಂಡನ್ನಿನ ಪಿಕಡಿಲಿ ವೃತ್ತದ ಬೃಹತ್ ಪರದೆಯ ಮೇಲೆ ನೆಶಾತ್ ಅವರ ಚಿತ್ರವೊಂದನ್ನು ಆ ಘೋಷಣೆಯೊಡನೆ ತೋರಿಸಲಾಯಿತು. ಈಗ ಮುಂದೆ ನಡೆದವರು ಊರಿನಲ್ಲಿದ್ದ ಹುಡುಗಿಯರು; ದೂರದ ಕಲಾವಿದೆ ಅವರ ಮಾತನ್ನು ಎತ್ತಿ ಹಿಡಿದವರು ಮಾತ್ರ. ಉಳಿದವರ ಪರವಾಗಿ ಮಾತನಾಡುವ ಅಧಿಕಾರ ಹೋದವರಿಗೆ ಉಂಟೇ ಎಂಬ ಪ್ರಶ್ನೆಗೆ ಇದರಲ್ಲಿ ಒಂದು ಉತ್ತರ ಸಿಕ್ಕುತ್ತದೆ. ಪರವಾಗಿ ಮಾತನಾಡುವುದು ಬೇರೆ, ದನಿಗೂಡಿಸುವುದು ಬೇರೆ. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಈ ಚಿತ್ರಗಳನ್ನು ನೋಡುವ ನಾವು ಅಲ್ಲಿಯ ಹೆಂಗಸರಿಗಾಗಿ ಅಯ್ಯೋ ಎಂದು ಎದ್ದುಬರುವುದು ಸುಲಭ. ನೆಶಾತ್ ಕೇಳುವುದು ಅನುಕಂಪವನ್ನಲ್ಲ. ಆಕೆಯ ಹೆಂಗಸರು ಹಾಡುತ್ತಾರೆ, ದೋಣಿಯೇರುತ್ತಾರೆ, ಮಣ್ಣಿನಿಂದ ಎದ್ದು ಬರುತ್ತಾರೆ. ಸೋತಾಗಲೂ ಅವರು ಬರಿಯ ದೀನರಲ್ಲ. ತಮ್ಮ ದನಿ, ತಮ್ಮ ದೇಹ, ತಮ್ಮ ದಾರಿ ಇವುಗಳ ವಿಷಯದಲ್ಲಿ ತಮ್ಮನ್ನು ಕೇಳಿ ತೀರ್ಮಾನಿಸಿ ಎಂಬುದಿಷ್ಟೇ ಅವರ ಬೇಡಿಕೆ. ಆ ಬೇಡಿಕೆ ಪಾರಸಿ ಭಾಷೆಯಲ್ಲಿ ಬಂದರೂ ಅರ್ಥವಾಗದ ದೇಶವಿಲ್ಲ. ಅಲ್ಲಿಂದ ನಮ್ಮ ನುಡಿಗೆ ಬಂದ ಒಂದು ಮಾತು ಮರೆಸುವುದನ್ನೂ ತೋರಿಸುವುದನ್ನೂ ಒಟ್ಟಿಗೆ ಹೇಳುತ್ತದೆ. ಈ ಎರಡರಲ್ಲಿ ಯಾವುದಕ್ಕೆ ಅದನ್ನು ಬಳಸಬೇಕೆಂಬುದು ಬಳಸುವವರ ಕೈಯಲ್ಲಿದೆ.